ಶಾಮಿಯಾನ ಮಾರಿ ಸ್ಕೂಟರ್ ಹತ್ತಿದ್ದು

ಚಳ್ಳಕೆರೆಯಲ್ಲಿ ನನ್ನ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ‘ಶಾಮಿಯಾನ ಅಕ್ಕ’ ಎಂದರೆ ಸಾಕು, ಎಣ್ಣೆ ಮಿಲ್ಲಿನ ಮುಂದೆ ಶೇಂಗಾ ಮೂಟೆ ಇಳಿಸುತ್ತಿದ್ದ ಹಮಾಲಿಯೂ ಕತ್ತಿನಲ್ಲೇ ದಿಕ್ಕು ತೋರಿಸುತ್ತಿದ್ದ. ಅಪ್ಪ ಬಿಟ್ಟುಹೋದ ಹರಕು ಪರದೆ, ಒಂದಿಷ್ಟು ಬಿದಿರು ಗಳ, ತಳ ಸುಟ್ಟ ಕೊಪ್ಪರಿಗೆಗಳಿಂದ ಶುರುವಾದ ಟೆಂಟ್ ಹೌಸ್ ಅದು. ನಾನು ಕೈಬಿಡುವ ಹೊತ್ತಿಗೆ ಲಾರಿಗಳಿದ್ದವು, ಗೋದಾಮು ತುಂಬ ಕುರ್ಚಿಗಳಿದ್ದವು, ಒಂದು ಊರಿಗೇ ಊಟ ಹಾಕುವಷ್ಟು ಪಾತ್ರೆಗಳಿದ್ದವು. ಸುತ್ತಲ ಹಳ್ಳಿಗಳವರು ಮದುವೆಗೆ ಮೊದಲು ನನ್ನ ಬಳಿ ಬಂದು ದಿನ ಕೇಳಿಕೊಂಡು, ಆಮೇಲೆ ಪುರೋಹಿತರ ಬಳಿ ಮುಹೂರ್ತ ಕೇಳುತ್ತಿದ್ದರು.

ಮೊಳಕಾಲು ನೋವು ಹೆಚ್ಚಾದ ವರ್ಷ ಎಲ್ಲವನ್ನೂ ಮಾರಿದೆ. ಕೊಂಡವನು ಮೊಳಕಾಲ್ಮೂರಿನವನು. “ಮೊಳಕಾಲು ನೋಯ್ತು ಅಂತ ಮೊಳಕಾಲ್ಮೂರಿನೋನಿಗೇ ಮಾರಿದ್ಲು ನೋಡ್ರಿ,” ಎಂದು ನನ್ನ ಯಜಮಾನರು ಸಿಕ್ಕವರಿಗೆಲ್ಲ ಹೇಳಿ ನಕ್ಕರು. ಅವರು ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಒಂದು ತಮಾಷೆ ಸಿಕ್ಕಿದರೆ ಪಾಠದ ಹಾಗೆ ಮತ್ತೆ ಮತ್ತೆ ಹೇಳುತ್ತಾರೆ.

ಸ್ವಲ್ಪ ದಿನಕ್ಕೆ ಹತ್ತಿರದ ಹಳ್ಳಿ ನನ್ನಿವಾಳದಲ್ಲಿ ಒಂದು ಮದುವೆ. ಬರೀ ನೆಂಟಳಾಗಿ ಮದುವೆಗೆ ಹೋಗಿದ್ದು ಅದೇ ಮೊದಲು. ಕೂತ ಕುರ್ಚಿ ಒಂದು ಕಾಲಕ್ಕೆ ನನ್ನದೇ, ತಲೆ ಮೇಲಿನ ಪರದೆಯೂ ನನ್ನದೇ. ವಧುವರರನ್ನು ನೋಡಬೇಕಾದ ಕಣ್ಣು ಸೀದಾ ಮೂಲೆಯ ಗಳಕ್ಕೆ ಹೋಯಿತು. ಹಗ್ಗ ಸಡಿಲವಾಗಿತ್ತು. ತಡೆಯಲಾಗಲಿಲ್ಲ. ಎದ್ದು ಹೋಗಿ, “ಲೇ, ಇದನ್ನ ಯಾವೋನ್ಲಾ ಕಟ್ಟಿದ್ದು?” ಎಂದು ಕೂಗಿಬಿಟ್ಟೆ. ಕೆಲಸದವರು ಹಳೇ ಅಭ್ಯಾಸಕ್ಕೆ ಓಡಿ ಬಂದರು. ಹಿಂದೆಯೇ ಹೊಸ ಮಾಲೀಕನೂ ಬಂದ.

“ಅಕ್ಕಯ್ಯ,” ಎಂದ, ಎರಡೂ ಕೈ ಜೋಡಿಸಿ. “ಇವತ್ತು ನೀವು ನೆಂಟ್ರು. ಕೂತ್ಕೊಂಡು ಊಟ ಮಾಡ್ರಿ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆಯಿಂದ ಹೇಳಿದ್ದಕ್ಕೆ ಏನು ಮಾಡುವುದು? ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದ ಮೇಲೂ ಮುಖ ಗಂಟಿಕ್ಕಿಕೊಂಡೇ ಇದ್ದೆ. “ಸುಮ್ನೆ ಕೂರೋದು ನಿನಗೆ ಆಗಿಬರಲ್ಲ. ಏನಾದ್ರೂ ಕಲಿ,” ಎಂದರು ಯಜಮಾನರು. ಭಜನೆಯನ್ನೋ ಹಾರ್ಮೋನಿಯಮ್ಮನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದರೇನೋ. ನಾನು ಸ್ಕೂಟರ್ ತಂದೆ.

ಅಷ್ಟು ವರ್ಷ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಊರೂರು ತಿರುಗಿದವಳು, ಒಂದು ದಿನವೂ ನಾನೇ ಏನನ್ನೂ ಓಡಿಸಿರಲಿಲ್ಲ. ಮೇಷ್ಟ್ರು ಬೀಗದ ಕೈ ಕೊಡುವ ಮೊದಲು ರಸ್ತೆಯ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿಸಿದರು. ಎಲ್‌ಎಲ್‌ಆರ್ ಕೈಗೆ ಬಂದ ಮಾರನೆಯ ಬೆಳಿಗ್ಗೆ ಅವರನ್ನೇ ಹಿಂದೆ ಕೂರಿಸಿಕೊಂಡು ಕುದಾಪುರದ ಕಡೆ ಹೊರಟೆ. ವರವು ಕಾವಲು ಎಂಬ ಹುಲ್ಲುಗಾವಲಿನ ಪಕ್ಕದ ರಸ್ತೆ ನೆಟ್ಟಗೆ ಐತೆ, ಅಲ್ಲಿ ಎದುರಿಗೆ ಬಂದರೆ ಕುರಿಮಂದೆ ಮಾತ್ರ ಎಂದು ಅವರೇ ಹೇಳಿದ್ದರು. ಅಲ್ಲಿನ ಸರ್ಕಾರಿ ಸಂಸ್ಥೆಯೊಂದರ ದೊಡ್ಡ ಗೇಟಿನ ಮುಂದೆ ನಿಧಾನ ಮಾಡಿದಾಗ ಕಾವಲುಗಾರ ಸೀಟಿ ಊದಿದ.

“ಅಮ್ಮಾ, ಇಲ್ಲಿ ನಿಲ್ಸಂಗಿಲ್ಲ!”

“ನಿಲ್ಸೋಕೆ ಬರಲ್ಲಪ್ಪ! ಅದನ್ನೇ ಕಲೀತಾ ಇದೀನಿ,” ಎಂದು ಕೂಗುತ್ತ ಮುಂದೆ ಹೋಗಿ, ಜಾಲಿ ಪೊದೆಯಲ್ಲಿ ನಿಲ್ಲಿಸಿದೆ. ನಾನೂ ಮೇಷ್ಟ್ರೂ ಒಬ್ಬರ ಬೆನ್ನಿನ ಮುಳ್ಳು ಒಬ್ಬರು ಕಿತ್ತುಕೊಂಡೆವು.

ಲೈಸೆನ್ಸ್ ಬಂದ ಮೇಲೆ ಪಕ್ಕದ ಮನೆಯಾಕೆ “ನಂಗೂ ಹೇಳ್ಕೊಡಕ್ಕ” ಎಂದಳು. ಅವಳ ಹಿಂದೆ ಅವಳ ನಾದಿನಿ, ನಾದಿನಿಯ ಹಿಂದೆ ಅಂಗನವಾಡಿಯವರು. ನೆಂಟರ ಬೀಳು ಹೊಲವೊಂದನ್ನು ಮಟ್ಟ ಮಾಡಿಸಿ, ಇನ್ನೊಂದು ಸ್ಕೂಟರ್ ತಂದು, ಹೆಂಗಸರಿಗೆ ಗಾಡಿ ಕಲಿಸುವುದನ್ನೇ ಕಸುಬು ಮಾಡಿಕೊಂಡೆ. ಚಿಹ್ನೆಗಳ ಪಾಠ ಮೇಷ್ಟ್ರದ್ದು. ಬೋರ್ಡು, ಸೀಮೆಸುಣ್ಣ ಮತ್ತೆ ಕೈಗೆ ಬಂದದ್ದಕ್ಕೆ ಅವರಿಗೂ ಹರೆಯ ಬಂದಂತಾಗಿತ್ತು.

ಒಂದು ದಿನ ಮುಖಕ್ಕೆ ಸೆರಗು ಎಳೆದುಕೊಂಡು ಒಬ್ಬಳು ಬಂದಳು. ನನ್ನ ಟೆಂಟ್ ಹೌಸ್ ಕೊಂಡವನ ಹೆಂಡತಿ! “ಯಜಮಾನ್ರಿಗೆ ಹೇಳ್ಬ್ಯಾಡ್ರಿ ಅಕ್ಕ. ಪೂರ್ತಿ ಕಲ್ತ ಮೇಲೆ ಒಂದಿನ ಅವರ ಮುಂದೇನೇ ಬುರ್ರಂತ ಹೋಗ್ಬೇಕು,” ಎಂದಳು. ನನಗೆ ಹಬ್ಬ. ಮಾರಾಟದ ಕರಾರಿನಲ್ಲಿ ನಾನು ಐದು ವರ್ಷ ಒಂದು ಚಮಚವನ್ನೂ ಬಾಡಿಗೆಗೆ ಕೊಡಕೂಡದು ಎಂದಿತ್ತು. ಹೆಂಡತಿಗೆ ಸ್ಕೂಟರ್ ಕಲಿಸಕೂಡದು ಎಂದು ಎಲ್ಲೂ ಇರಲಿಲ್ಲ.

ಆಷಾಢ ಬಂತು. ಅವಳು ಹೆಲ್ಮೆಟ್ ಹಾಕಿ ಹೊಲದಲ್ಲಿ ಸುತ್ತು ಹೊಡೆಯುತ್ತಿದ್ದಾಗಲೇ ಅವಳ ಗಂಡನ ಬೈಕು ಬಂದು ನಿಂತಿತು. ಅವಳಂತೂ ನಿಲ್ಲಿಸುವುದನ್ನೇ ಮರೆತು ಸುತ್ತತೊಡಗಿದಳು.

“ಅಕ್ಕಯ್ಯ, ಈ ಗಾಳಿಗೆ ಪರದೆ ನಿಲ್ತಾ ಇಲ್ಲ. ಮೊನ್ನೆ ತಿಥಿ ಮನೇಲಿ ಕಟ್ಟಿದ್ದು ಒಂದು ಹಾರಿ ಹೋಗಿ ಬೇವಿನ ಮರದ ಮೇಲೆ ಕೂತೈತೆ. ನೀವು ಹೆಂಗೆ ಕಟ್ತಿದ್ರಿ?”

ಕೇಳಲು ಬಂದಿದ್ದಾನೆ! ನನ್ನಿವಾಳದ ಹೋಳಿಗೆ ಆಗ ಗಂಟಲಿನಿಂದ ಇಳಿಯಿತು. ಗಾಳಿಯ ದಿಕ್ಕು, ಗೂಟದ ಓರೆ, ಹಗ್ಗಕ್ಕೆ ಯಾಕೆ ನೀರು ಹಾಕಬೇಕು ಎಂದು ಸಾವಕಾಶವಾಗಿ ಶುರು ಮಾಡಿದೆ. ಎರಡು ಮಾತಿನಲ್ಲಿ ಮುಗಿಯುವುದನ್ನು ಅಪ್ಪನ ಕಾಲದಿಂದ ಹೇಳಿದೆ. ಫ್ಲಾಸ್ಕಿನ ಚಹಾ ಕೊಟ್ಟೆ. ಅವಳು ಸುತ್ತುತ್ತಲೇ ಇದ್ದಳು.

“ಆ ಹೆಲ್ಮೆಟ್ಟಿನೋರು ಪರವಾಗಿಲ್ಲ, ಚೆನ್ನಾಗಿ ಬಿಡ್ತಾರೆ,” ಎಂದ. “ನಮ್ಮನೆಯೋಳು ಇದಾಳೆ, ಸೈಕಲ್ ಕಂಡ್ರೂ ಹೆದರ್ತಾಳೆ.”

“ಹೌದಾ ಪಾಪ,” ಎಂದೆ.

ಅವಳು ಬಿಸಿಲಿಗೆಂದು ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟಿದ್ದಳು. ಅವನ ಕಣ್ಣು ಅದರ ಮೇಲೆ ನಿಂತಿತು. “ಅಂಥದ್ದೇ ಒಂದು ಶರ್ಟು ನನ್ಹತ್ರನೂ ಇತ್ತು ಅಕ್ಕಯ್ಯ. ಎಲ್ಲಿ ಹೋಯ್ತೋ.”

“ಒಂದೇ ಥಾನಿನಾಗೆ ಎಷ್ಟೋ ಶರ್ಟು ಹೊಲೀತಾರೆ ಬಿಡಪ್ಪ.”

ಆಗ ಸ್ಕೂಟರ್ ಕೆಮ್ಮಿತು. ಪೆಟ್ರೋಲ್ ಮುಗಿದು ಸರಿಯಾಗಿ ನಮ್ಮೆದುರಿಗೇ ಬಂದು ನಿಂತುಬಿಟ್ಟಿತು. ಅವನು ಲಗುಬಗೆಯಿಂದ ಎದ್ದು ಗಾಡಿ ಹಿಡಿದುಕೊಂಡ. “ಗಾಬರಿ ಆಗ್ಬೇಡ್ರಿ ಮೇಡಮ್. ಪೆಟ್ರೋಲ್ ಆಗೈತೆ, ಅಷ್ಟೆ.”

ಹೆಲ್ಮೆಟ್ಟಿನೊಳಗಿಂದ ನಗು ಉಕ್ಕಿತು. ಅವಳು ಹೆಲ್ಮೆಟ್ ತೆಗೆದಳು.

“ನುವ್ವಾ?” ಎಂದ. ಗಾಬರಿಯಾದರೆ ಅವನ ಬಾಯಲ್ಲಿ ತೆಲುಗೇ ಮೊದಲು ಬರುತ್ತಿತ್ತು. ನೀನಾ ಎಂದು ಇನ್ನೊಮ್ಮೆ ಕನ್ನಡದಲ್ಲಿ ಕೇಳಿದ.

“ಮೇಡಮ್ ಅಂತಾನೇ ಕರೀರಿ. ಚೆನ್ನಾಗಿತ್ತು,” ಎಂದಳು ಅವಳು.

ಅವನು ನಗಲಿಲ್ಲ. ಬೈಕು ಹತ್ತಿ ಹೊರಟೇಹೋದ. ಅವಳ ಮುಖ ಬಾಡಿತು. “ಇವತ್ತು ಮನೇಲಿ ಐತೆ ನಂಗೆ,” ಎಂದಳು. ನನ್ನ ಚೇಷ್ಟೆಯೂ ಅಲ್ಲಿಗೆ ಆರಿತು. ಎರಡು ಮಾತಿನಲ್ಲಿ ಮುಗಿಸಿ ಕಳಿಸಿದ್ದರೆ ಆಗುತ್ತಿತ್ತಲ್ಲ ಎನ್ನಿಸಿತು. ಅವಳನ್ನು ಕೂರಿಸಿ, ಉಳಿದ ಚಹಾ ಬಗ್ಗಿಸಿದೆ.

ಅವಳು ಲೋಟ ತುಟಿಗಿಡುವಷ್ಟರಲ್ಲಿ ಬೈಕಿನ ಸದ್ದಾಯಿತು. ಅವನ ಕೈಯಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಇತ್ತು. ಒಂದು ಹನಿ ಚೆಲ್ಲದ ಹಾಗೆ ಟ್ಯಾಂಕಿಗೆ ಹುಯ್ದು, ಮುಚ್ಚಳ ತಿರುಗಿಸಿ, ಆಮೇಲೆ ಅವಳ ಕಡೆ ನೋಡಿದ. “ಇನ್ನೊಂದು ಸುತ್ತು ಹಾಕು. ನೋಡ್ತೀನಿ. ನನ್ ಶರ್ಟು ಮಾತ್ರ ಕೊಟ್ಬಿಡು.”

ಈಗ ಹಳ್ಳಿಗಳಿಗೆ ಹೋಗಿ ಶಾಮಿಯಾನ ಆರ್ಡರು ಹಿಡಿದು ಬರುವವಳು ಅವಳೇ. ಮನೆಯ ಹೆಂಗಸರೊಡನೆ ಅಡಿಗೆಮನೆಯಲ್ಲಿ ಕೂತು ಮಾತಾಡಿ ಬರುತ್ತಾಳಂತೆ. ಗಂಡನಿಗಿಂತ ಹೆಚ್ಚು ಕೆಲಸ ತರುತ್ತಾಳೆ. ಅವಳ ಒತ್ತಾಯಕ್ಕೇ ನಾನು ಭಾನುವಾರಗಳಲ್ಲಿ ಮೊಳಕಾಲ್ಮೂರಿನಲ್ಲೂ ತರಗತಿ ಶುರು ಮಾಡಿದೆ. ರೇಷ್ಮೆ ಮಗ್ಗದ ಮನೆಗಳ ಹೆಂಗಸರು ಬಂದರು. ಮಗ್ಗದಲ್ಲಿ ಕೈಕಾಲು ಎರಡೂ ಆಡಿಸಿ ರೂಢಿಯಾದವರು, ಬೇಗ ಕಲಿತರು.

ಕಳೆದ ಭಾನುವಾರ ಅಲ್ಲಿಗೆ ಅವಳ ಅತ್ತೆ ಬಂದಿದ್ದರು. ನನಗಿಂತ ಹಿರಿಯರು. ಬಾಯಿ ತುಂಬ ಎಲೆಯಡಿಕೆ.

“ನಂಗೆ ಬಿಡೋದು ಬ್ಯಾಡಮ್ಮ,” ಎಂದರು. “ಹಿಂದೆ ಕೂರೋದು ಹೇಳ್ಕೊಡು. ಸೊಸೆ ಬಾಳ ಜೋರು ಹೋಗ್ತಾಳೆ.”

ಹಿಂದೆ ಕೂರುವುದನ್ನು ಯಾರಿಗೂ ಕಲಿಸಿರಲಿಲ್ಲ. ಆದರೂ ಕೂರಿಸಿಕೊಂಡು ಹೊರಟೆ. ಒಂದೊಂದು ಗುಂಡಿ ಬಂದಾಗಲೂ ನನ್ನ ಬೆನ್ನಿಗೆ ಒಂದು ಗುದ್ದು. ತಿರುಗಿ ಬಂದು ಇಳಿಸಿದ ಮೇಲೆ ಸೀರೆ ಕೊಡವಿ, ಎಲೆಯಡಿಕೆ ಉಗಿದು, ಇನ್ನೊಂದು ಸುತ್ತಿಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡು ಎಂದು ನನ್ನ ಮುಂದೆ ಗದ್ದ ಎತ್ತಿ ನಿಂತರು.