ಸೊಟ್ಟ ನಾಣ್ಯಗಳ ಚಿಲ್ಲರೆಯಕ್ಕ

ಬೆಳಗಿನ ಐದು ಗಂಟೆ. ಬಸ್ ನಿಲ್ದಾಣದ ದೀಪಗಳು ಇನ್ನೂ ಆರಿಲ್ಲ. ಹಿಂಬದಿಯ ಶೌಚಾಲಯದಲ್ಲಿ ಚಿಲ್ಲರೆಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಫಿನಾಯಿಲ್ ಸುರಿದು ನೆಲ ತಿಕ್ಕುತ್ತಿದ್ದಾರೆ. ಒಂದೊಂದೇ ಬಾಗಿಲಿನ ಚಿಲಕ ಎಳೆದು ನೋಡಿ, ಕೈ ತೊಳೆದು, ಹೊರಗಿನ ಮೇಜಿನ ಹಿಂದೆ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಓಡೋಡಿ ಬಂದ ಪ್ರಯಾಣಿಕನೊಬ್ಬ ತಟ್ಟೆಗೆ ನಾಣ್ಯ ಎಸೆದು ಒಳಗೆ ನುಗ್ಗುತ್ತಾನೆ. ಅಕ್ಕ ಅದನ್ನೆತ್ತಿ, ಹೆಬ್ಬೆರಳಿನಿಂದ ಅಂಚು ಸವರಿ, ಎರಡೂ ಬದಿ ತಿರುಗಿಸಿ ನೋಡುತ್ತಾರೆ.

"ಸರಿಯಾಗೇ ಇದೆ," ಎಂದು ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುವ ದನಿಯಲ್ಲಿ ಸ್ವಲ್ಪ ಬೇಸರವೂ ಇದೆ.

ಇವರಿಗೆ ಬೇಕಾದದ್ದು ಸರಿಯಿಲ್ಲದ ನಾಣ್ಯ. ಟಂಕಸಾಲೆಯಲ್ಲಿ ಅಚ್ಚು ಹಾಕುವಾಗ ಎಡವಟ್ಟಾಗಿ, ಯಾರ ಕಣ್ಣಿಗೂ ಬೀಳದೆ ಹೊರಬಂದದ್ದು. ಅಂಚಿನಲ್ಲಿ ಯಾರೋ ಕಚ್ಚಿ ತಿಂದಂತಿರುವುದು, ಚಿತ್ರ ಪಕ್ಕಕ್ಕೆ ಸರಿದು ಅರ್ಧ ಮಾತ್ರ ಮೂಡಿರುವುದು, ಒಂದು ಬದಿ ನುಣ್ಣಗೆ ಬೋಳಾಗಿರುವುದು. ಇಂಥವನ್ನು ಅಂಗಡಿಯವನು ಮುಟ್ಟುವುದಿಲ್ಲ, ಕಂಡಕ್ಟರ್ ಮುಖಕ್ಕೆ ಹಿಡಿದು ವಾಪಸ್ ಕೊಡುತ್ತಾನೆ. ಊರೆಲ್ಲ ಸುತ್ತಿ ಕೊನೆಗೆ ಅವು ಬಂದು ಬೀಳುವುದು ಈ ತಟ್ಟೆಗೆ.

"ಅವಸರದಲ್ಲಿ ಬಂದೋರ ಹತ್ರ ಜಗಳ ಆಡೋಕಾಗತ್ತಾ? ಇದು ಬೇಡ, ಬೇರೆ ಕೊಡಿ ಅನ್ನೋಷ್ಟರಲ್ಲಿ ಒಳಗೆ ಹೋಗಿ ಚಿಲಕ ಹಾಕ್ಕೊಂಡಿರ್ತಾರೆ," ಎಂದು ಅಕ್ಕ ನಗುತ್ತಾರೆ. ಸಂಜೆ ಲೆಕ್ಕ ಕೊಡುವಾಗ ಗುತ್ತಿಗೆದಾರ ಆ ನಾಣ್ಯಗಳನ್ನು ಪಕ್ಕಕ್ಕೆ ತಳ್ಳುತ್ತಾನೆ. ಅಕ್ಕ ಸಂಬಳದಿಂದ ಅಷ್ಟನ್ನೂ ತುಂಬಿಕೊಡುತ್ತಾರೆ. ಹೀಗೆ ಕೈಯಿಂದ ಕಳೆದುಕೊಂಡು ಕಳೆದುಕೊಂಡೇ ಒಂದು ಡಬ್ಬಿ ತುಂಬಿದೆ. ಮೊದಮೊದಲು ಹಾಳು ದರಿದ್ರ ಎಂದು ಶಪಿಸುತ್ತಿದ್ದವರು, ಆಮೇಲೆ ಅವನ್ನು ಹರವಿಕೊಂಡು ನೋಡುವ ಚಟ ಹತ್ತಿಸಿಕೊಂಡರು.

ಚಟ ಹತ್ತಲು ಕಾರಣವಿದೆ. ಬಸ್ ಮೆಕ್ಯಾನಿಕ್ ಆಗಿದ್ದ ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಮಕ್ಕಳಿಲ್ಲ. ದೂರದೂರಿನ ತಂಗಿ ಫೋನ್ ಮಾಡುವುದು ಅಪರೂಪ. ದಿನಕ್ಕೆ ಮುನ್ನೂರು ಜನ ಎದುರಿಗೆ ಬಂದುಹೋದರೂ ಶೌಚಾಲಯದ ಬಾಗಿಲಲ್ಲಿ ಹರಟೆಗೆ ನಿಲ್ಲುವವರು ಯಾರು? "ಒಳಗೆ ಹೋಗೋವಾಗ ಅರ್ಜೆಂಟು, ಹೊರಗೆ ಬರೋವಾಗ ನಾಚಿಕೆ. ನನ್ನ ಮುಖ ನೋಡೋದು ಯಾವಾಗ?" ಎಂದು ಕೇಳುತ್ತಾರೆ ಅಕ್ಕ. ತಮಾಷೆಯಾಗಿಯೇ ಹೇಳುತ್ತಾರೆ. ಕೆಲವು ದಿನ ಸಂಜೆ ಬಾಡಿಗೆ ಕೋಣೆಗೆ ಮರಳಿದಾಗ, ಬೆಳಗಿನಿಂದ "ಚಿಲ್ಲರೆ ಇಲ್ಲ" ಎಂಬುದನ್ನು ಬಿಟ್ಟು ಬೇರೆ ಮಾತೇ ಆಡಿಲ್ಲವೆಂಬುದು ಅವರಿಗೆ ನೆನಪಾಗುತ್ತದಂತೆ.

ಅವರನ್ನು ನಿಂತು ಮಾತಾಡಿಸಿದ್ದು ಒಬ್ಬರೇ. ಒಂದು ಭಾನುವಾರ, ತಮ್ಮ ಗಡಿಯಾರ ರಿಪೇರಿ ಅಂಗಡಿಯನ್ನು ಎಂದೋ ಮುಚ್ಚಿದ್ದ ಹಿರಿಯರೊಬ್ಬರು ಇಲ್ಲಿಗೆ ಬಂದಾಗ ಅವರಿಗೆ ಅಕ್ಕ ಕಣ್ತಪ್ಪಿನಿಂದ ಚಿಲ್ಲರೆಯ ಜೊತೆ ಕಚ್ಚಿದ ನಾಣ್ಯವೊಂದನ್ನು ಕೊಟ್ಟುಬಿಟ್ಟಿದ್ದರು. ಅವರು ಬೈಯಲಿಲ್ಲ. ಜೇಬಿನಿಂದ ಕಣ್ಣಿಗಿಡುವ ಗಾಜು ತೆಗೆದು ನೋಡಿ, "ಇಂಥದ್ದು ಇನ್ನೂ ಇದ್ಯೇನಮ್ಮಾ?" ಎಂದರು. ಅಂದಿನಿಂದ ಪ್ರತಿ ಭಾನುವಾರ ಬರುತ್ತಾರೆ. ಅಕ್ಕ ವಾರಕ್ಕೊಂದೇ ನಾಣ್ಯ ತೋರಿಸುತ್ತಾರೆ. ಡಬ್ಬಿಯನ್ನೇ ಮುಂದಿಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತದೆ, ಅಷ್ಟು ತಿಳಿಯದವರೇನಲ್ಲ ಅಕ್ಕ.

ಗಡಿಯಾರದಣ್ಣ ಅಂಗಲಾಚುವುದು ಒಂದೇ ನಾಣ್ಯಕ್ಕೆ. ಅದರ ಒಂದು ಬದಿಯಲ್ಲಿ ಚಿತ್ರ ಉಬ್ಬಿದೆ. ಇನ್ನೊಂದು ಬದಿಯಲ್ಲಿ ಬೆಲೆಯ ಅಂಕಿಯಿಲ್ಲ, ಅದೇ ಚಿತ್ರ ತಿರುವುಮುರುವಾಗಿ ತಗ್ಗಿಗೆ ಇಳಿದಿದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದು ಇದರ ಮೇಲೆ ಒತ್ತಿದ್ದರಿಂದ ಹೀಗಾಗಿದೆ ಎಂದು ವಿವರಿಸಿದವರು ಅವರೇ. ಅವರು ಹೇಳಿರುವ ಬೆಲೆ ಅಕ್ಕನ ಅರ್ಧ ವರ್ಷದ ಬಾಡಿಗೆಗೆ ಸಾಕು. ಅಕ್ಕ ಮಾತ್ರ "ಯೋಚನೆ ಮಾಡ್ತೀನಿ ಅಣ್ಣ" ಎನ್ನುತ್ತಲೇ ಮಳೆಗಾಲ ದಾಟಿಸಿದ್ದಾರೆ. ಆ ನಾಣ್ಯ ಸೊಂಟದ ಚೀಲದಲ್ಲೇ ಇರುತ್ತದೆ. ನಾನು ಕೇಳಿದಾಗ ತೆಗೆದು ತೋರಿಸಿ ಮತ್ತೆ ಒಳಗಿಟ್ಟರು.

ಈಗ ಯೋಚನೆಗೆ ಕಾಲವಿಲ್ಲ. ಬರುವ ವಾರದಿಂದ ಬಾಗಿಲಿಗೆ ಯಂತ್ರ ಬರುತ್ತದೆಂದು ಗುತ್ತಿಗೆದಾರ ಹೇಳಿದ್ದಾನೆ. ನಾಣ್ಯ ಹಾಕಿದರೆ ಗೇಟು ತಾನೇ ತೆರೆಯುತ್ತದೆ, ಸೊಟ್ಟದ್ದನ್ನು ಯಂತ್ರವೇ ಉಗುಳುತ್ತದೆ. ಅಕ್ಕ ಬೆಳಗಿನ ಜಾವ ಬಂದು ತೊಳೆದು ಹೋದರೆ ಸಾಕು, ಅರ್ಧ ಸಂಬಳ. ಸಂಬಳಕ್ಕಿಂತ ಭಾನುವಾರದ ಚಿಂತೆಯೇ ಅವರನ್ನು ತಿನ್ನುತ್ತಿದೆ.

ಇಂದು ಭಾನುವಾರ. ಹತ್ತು ಗಂಟೆಗೆ ಗಡಿಯಾರದಣ್ಣ ಬರುತ್ತಾರೆ. ಯಂತ್ರದ ಸುದ್ದಿ ಕೇಳಿ ಕನ್ನಡಕ ತೆಗೆದು ಒರೆಸುತ್ತಾರೆ. ಆಮೇಲೆ ಜೇಬಿನಿಂದ ಕವರ್ ತೆಗೆಯುತ್ತಾರೆ.

"ಹಾಗಾದ್ರೆ ಅದನ್ನ ಇವತ್ತೇ ಕೊಟ್ಬಿಡಮ್ಮಾ. ದುಡ್ಡು ತಂದಿದೀನಿ. ಆಮೇಲೆ ನಿನ್ನ ಎಲ್ಲಿ ಅಂತ ಹುಡುಕ್ಲಿ?"

ಅಕ್ಕನ ಕೈ ಸೊಂಟದ ಚೀಲದ ಮೇಲೆಯೇ ಇದೆ. "ಅಯ್ಯೋ, ತಂದಿಲ್ವಲ್ಲ ಅಣ್ಣ! ಮನೇಲೇ ಬಿಟ್ಟು ಬಂದೆ."

"ಮುಂದಿನ ವಾರ ತರ್ತೀಯಾ?"

"ಮುಂದಿನ ವಾರ ನಾನು ಇಲ್ಲಿ ಕೂತಿರಲ್ಲ. ಮನೆಗೇ ಬನ್ನಿ. ಬೇಕರಿ ಪಕ್ಕದ ಓಣಿ, ಮೂರನೇ ಮನೆ, ಮೆಟ್ಲು ಹತ್ತಿ ಎಡಕ್ಕೆ." ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಕ್ಕನ ಮುಖ ಬೆವರಿದೆ.

"ಬೇಕರಿ ಪಕ್ಕ, ಮೂರನೇದು, ಎಡಕ್ಕೆ," ಎಂದು ಅವರು ಬಾಯಿಪಾಠ ಮಾಡುವವರಂತೆ ಹೇಳಿಕೊಂಡು, ಕವರನ್ನು ಮತ್ತೆ ಜೇಬಿಗೆ ಸೇರಿಸುತ್ತಾರೆ. "ಭಾನುವಾರ ತಾನೆ?"

"ಭಾನುವಾರಾನೇ."

ಅವರು ಬಸ್ಸುಗಳ ನಡುವೆ ಮರೆಯಾಗುವವರೆಗೂ ಅಕ್ಕ ನೋಡುತ್ತಲೇ ಇರುತ್ತಾರೆ. ಯಾಕಕ್ಕ ಹೀಗೆ ಸುಳ್ಳು ಹೇಳಿದಿರಿ ಎಂದು ನಾನು ಕೇಳಿದರೆ, ತಲೆ ತಗ್ಗಿಸಿ ಮೇಜು ಒರೆಸತೊಡಗುತ್ತಾರೆ.

"ಇಲ್ಲೇ ಕೊಟ್ಟಿದ್ರೆ ತಗೊಂಡು ಹೋಗ್ತಿದ್ರು, ಅಷ್ಟೆ. ಮತ್ತೆ ಯಾಕೆ ಬರ್ತಾರೆ ಹೇಳಿ?" ಒರೆಸುವುದನ್ನು ನಿಲ್ಲಿಸಿ, ಏನೋ ಹೊಳೆದವರಂತೆ ಗಾಬರಿಯಿಂದ ತಲೆ ಎತ್ತುತ್ತಾರೆ. "ನಮ್ಮನೇಲಿರೋದು ಒಂದೇ ಕುರ್ಚಿ. ಶನಿವಾರದೊಳಗೆ ಇನ್ನೊಂದು ತರ್ಬೇಕು."