ಸೋಪಿನಲ್ಲಿ ತೊಳೆದ ಲೋಟ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ತಯಾರಾಗುತ್ತಿದ್ದುದು ಒಂದೇ ವಸ್ತು: ಕಲ್ಲಿದ್ದಲ ಗಣಿಯಲ್ಲಿ ಧೂಳು ಅಡಗಿಸಲು ನೀರಿಗೆ ಬೆರೆಸುವ, ಸೋಪಿನ ಜಾತಿಯ ದ್ರಾವಣ. ನೀರಿಗೂ ಕಲ್ಲಿದ್ದಲ ಧೂಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬರೀ ನೀರು ಎರಚಿದರೆ ಸಣ್ಣ ಧೂಳು ಸರಿಯಾಗಿ ನೆನೆಯುವುದಿಲ್ಲ, ಗಾಳಿಯಲ್ಲೇ ಉಳಿದು ಕೆಲಸಗಾರರ ಎದೆಗೆ ಇಳಿಯುತ್ತದೆ. ನಮ್ಮ ದ್ರಾವಣ ಬೆರೆತರೆ ನೀರು ಧೂಳನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು, ಕೊಳ್ಳುವವರಿರಲಿಲ್ಲ.

ಕೊನೆಗೂ ಒಂದು ಗಣಿಯ ಸೇಫ್ಟಿ ಆಫೀಸರು ಬರಲು ಒಪ್ಪಿದರು. ಕಲಬುರಗಿ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಅವರು ಹೂಂ ಅಂದರೆ ನಮ್ಮ ದ್ರಾವಣ ಗಣಿಗೆ ಇಳಿಯುತ್ತದೆ, ಇಲ್ಲವಾದರೆ ಶೆಡ್ಡಿಗೆ ಬೀಗ. ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೇಟಿಗೂ ಮೇಜಿಗೂ ಓಡಾಡಿ ಶೆಡ್ಡಿನ ಯಜಮಾನರಿಂದ ಬೈಸಿಕೊಂಡೆ.

"ಒಂದ್ಕಡೆ ಕೂತ್ಕೊಳ್ಳಮ್ಮ, ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ."

ಆಫೀಸರು ತಮ್ಮ ಗಣಿಯ ಧೂಳನ್ನೇ ಪೊಟ್ಟಣ ಕಟ್ಟಿ ತಂದಿದ್ದರು. ಎರಡು ಗಾಜಿನ ಲೋಟ ಇಟ್ಟೆವು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ದ್ರಾವಣ ಬೆರೆಸಿದ ನೀರು. ಚಿಟಿಕೆ ಚಿಟಿಕೆ ಧೂಳು ಉದುರಿಸಿದೆ. ಬರೀ ನೀರಿನಲ್ಲಿ ಅದು ತೇಲಬೇಕಿತ್ತು. ಎರಡರಲ್ಲೂ ಮುಳುಗಿತು!

"ನೋಡ್ರಿ, ನಾ ಮೊದ್ಲಿಂದ ಹೇಳಾಕತ್ತೀನಿ, ಬರೇ ನೀರ ಸಾಕು," ಎಂದು ಆಫೀಸರು ಎದ್ದೇಬಿಟ್ಟರು. ಅವರ ಮುಖದಲ್ಲಿ ನಿರಾಳ ಕಂಡು ನನಗೆ ಮೈ ಉರಿಯಿತು.

ಲೋಟ ಮೂಸಿದೆ. ನಿಂಬೆ ವಾಸನೆ. ದೊಡ್ಡವರು ಬರುತ್ತಾರೆಂದು ಯಜಮಾನರು ತಾವೇ ಪಾತ್ರೆ ಸೋಪು ಹಚ್ಚಿ, ಮೇಲಿಂದೊಮ್ಮೆ ನೀರು ಸುರಿದು, ಲೋಟಗಳನ್ನು ಫಳಫಳ ಮಾಡಿಟ್ಟಿದ್ದರು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಲೋಟದಲ್ಲಿ ಉಳಿದ ಸೋಪೇ ನಮ್ಮ ದ್ರಾವಣದ ಕೆಲಸ ಮಾಡಿತ್ತು.

"ಸ್ವಲ್ಪ ನಿಲ್ಲಿ ಸಾರ್, ಲೋಟದಲ್ಲಿ ಸೋಪಿದೆ. ನೀವೇ ತೊಳೆದು ನೋಡಿ," ಎಂದು ಹೆಚ್ಚುಕಡಿಮೆ ಅಡ್ಡಗಟ್ಟಿದೆ.

ಅವರು ನಲ್ಲಿಯ ಕೆಳಗೆ ಲೋಟವನ್ನು ಮತ್ತೆ ಮತ್ತೆ ಗಲಬರಿಸಿದರು. ನೀರು ತುಂಬಿ ಧೂಳು ಉದುರಿಸಿದರು. ತೇಲಿತು. ಬೆರಳಿನಿಂದ ಒತ್ತಿದರು, ಕದಡಿದರು. ಮತ್ತೆ ಮೇಲೆ ಬಂತು.

ಗೆದ್ದೆನೆಂಬ ಸಂಭ್ರಮದಲ್ಲಿ ನಾನು ಯಜಮಾನರ ಕಡೆ ತಿರುಗಿದೆ. ಆಫೀಸರು ಮಾತ್ರ ಲೋಟ ಕೆಳಗಿಡಲಿಲ್ಲ.

"ನೀರ್ ಹೊಡದೀವಿ, ಏನೂ ಆಗಂಗಿಲ್ಲ, ನಡೀರಿ ಅಂತ ನಾನ ಎಲ್ಲಾರ್ನೂ ಒಳಗ ಕಳಸ್ತಿದ್ದೆ," ಎಂದರು. "ನನ್ನ ತಮ್ಮನ್ನೂ."

ಎಷ್ಟು ಕ್ಯಾನ್ ಬೇಕೆಂದು ಬರೆದುಕೊಳ್ಳಲು ತೆರೆದಿದ್ದ ಪುಸ್ತಕವನ್ನು ಯಜಮಾನರು ಮೆಲ್ಲಗೆ ಮುಚ್ಚಿದರು.