ನಾ ಬಿಡ್ಡ

ಧಪ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ಧಪ್.

ಖಾನಾಪುರ ಸ್ಟೇಶನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಇಳಿದು ಹಳಿಯ ಪಕ್ಕದ ಕಾಲುದಾರಿ ಹಿಡಿದರೆ, ಇಟ್ಟಂಗಿ ಭಟ್ಟಿಯ ಹೊಗೆ ಕಾಣುವ ಮೊದಲೇ ಈ ಸಪ್ಪಳ ಕೇಳುತ್ತಿತ್ತು. ಕಲಸಿದ ಮಣ್ಣಿನ ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ಕಟ್ಟಿಗೆಯ ಅಚ್ಚಿನೊಳಗೆ ಬಡಿಯುವ ಸಪ್ಪಳ. ಹತ್ತು ಹನ್ನೆರಡು ಹೆಂಗಸರು ಬಯಲಿನಲ್ಲಿ ಸಾಲಾಗಿ ಕೂತು ಬಡಿಯುತ್ತಿದ್ದರು. ನನ್ನ ಕಿವಿಗೆ ಎಲ್ಲವೂ ಒಂದೇ ಧಪ್. ನನ್ನ ಬಾಲವಾಡಿಯ ಒಬ್ಬ ಹುಡುಗಿಗೆ ಮಾತ್ರ ಹಾಗಲ್ಲ. ಆರು ವರ್ಷ ಇದ್ದೀತು. ಚಾಪೆಯ ಮೇಲೆ ಹುಣಸೆಬೀಜ ಎಣಿಸುತ್ತಾ ಕೂತವಳು ಸಟ್ಟನೆ ತಲೆ ಎತ್ತಿ, "ಅದಿ ಮಾ ಅಮ್ಮ," ಅನ್ನುತ್ತಿದ್ದಳು. ಅದು ನಮ್ಮಮ್ಮ.

ನಾನು ನಂಬಲಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು ನೋಡಿ, ಎಲ್ಲದಕ್ಕೂ ಟೆಸ್ಟ್ ಬೇಕು. ಒಂದು ದಿನ ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ನಾನು ಬಾಗಿಲಲ್ಲಿ ನಿಂತು ಅವಳ ತಾಯಿಯ ಕೈಯನ್ನೇ ನೋಡಿದೆ. ಕೈ ಕೆಳಗೆ ಬಿದ್ದಾಗಲೆಲ್ಲ ಹುಡುಗಿ ಗೋಡೆಗೆ ಹೇಳಿದಳು: "ಇಪ್ಪುಡು. ಇಪ್ಪುಡು." ಈಗ. ಈಗ. ಒಂದೂ ತಪ್ಪಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ಮೂರು. ಬೆಳಗಾವಿಯ ಒಂದು ಮಹಿಳಾ ಮಂಡಳದವರು ಭಟ್ಟಿಯ ಮಕ್ಕಳಿಗೆ ಬಾಲವಾಡಿ ತೆಗೆದಿದ್ದರು. ತಗಡಿನ ಶೆಡ್ಡು, ಎರಡು ಚಾಪೆ, ಒಂದು ಕರಿಹಲಗೆ, ಕೂಸುಗಳಿಗೆ ಸೀರೆಯ ನಾಲ್ಕು ಜೋಳಿಗೆ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನಾನು, ಅಲ್ಲಿಗೆ ಟೀಚರ್ ಬೇಕಂತೆ ಎಂದು ಕೇಳಿದ್ದೇ ಹೂಂ ಅಂದುಬಿಟ್ಟೆ. ಟಿಳಕವಾಡಿಯ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ತಟ್ಟುತ್ತಾ ಅಂದಳು, "ಚಲೋ ಆತು ಬಿಡು. ಸಿಸ್ಟರ್‌ಗೋಳು ಹತ್ತು ವರ್ಷ ಇಂಗ್ಲಿಷ್ ಕಲಿಸಿದ್ದು ನೀ ಹೋಗಿ ರಾಡ್ಯಾಗ ಕುಂದರಲಿ ಅಂತ."

"ರಾಡ್ಯಾಗ ಅಲ್ಲವಾ, ಚಾಪಿ ಮ್ಯಾಲ."

"ಹಾಂ, ಅದೊಂದು ಮರ್ಯಾದಿ ಉಳೀತು."

ಭಟ್ಟಿಯ ಮಂದಿ ಆಂಧ್ರದ ಪಾಲಮೂರು ಕಡೆಯವರು. ದಸರೆ ಮುಗಿಸಿ ಲಾರಿಯಲ್ಲಿ ಬಂದಿಳಿದರೆ, ಇಟ್ಟಂಗಿಯನ್ನೇ ಪೇರಿಸಿ ಗೋಡೆ ಮಾಡಿ, ಮೇಲೆ ಗರಿ ಹೊದಿಸಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಜಾಂಬೋಟಿ ಕಡೆ ಮುಗಿಲು ಕಪ್ಪಾಯಿತೆಂದರೆ ಮಣ್ಣಿನ ಕೆಲಸ ಬಂದ್. ಮಳೆ ಬೀಳುವ ಮೊದಲು ಲಾರಿ ಹತ್ತಬೇಕು. ನಮ್ಮ ಶಾಲೆಗಳು ಬಾಗಿಲು ತೆಗೆಯುವುದೂ ಅದೇ ಜೂನಿನಲ್ಲಿ. ಸಾಲಿ ತೆಗೆದಾಗ ಮಕ್ಕಳಿಲ್ಲ, ಮಕ್ಕಳು ಬಂದಾಗ ಹಾಜರಿ ಪುಸ್ತಕದಲ್ಲಿ ಜಾಗವಿಲ್ಲ. ಲಸಿಕೆಯದೂ ಇದೇ ಪಾಡು. ಕೂಸುಗಳಿಗೆ ಮೊದಲ ಸೂಜಿ ಇಲ್ಲಿ ಆಗುತ್ತಿತ್ತು, ಕಡೆಯ ಸೂಜಿಯ ತಾರೀಖು ಬರುವಾಗ ಅವು ಎಲ್ಲಿರುತ್ತಿದ್ದವೋ. ದವಾಖಾನೆಯ ನರ್ಸಬಾಯಿ ಕಾರ್ಡಿನ ಮೇಲೆ ಊರು ಎಂಬಲ್ಲಿ "ಇಟ್ಟಂಗಿ ಭಟ್ಟಿ" ಎಂದು ಬರೆದು ನನ್ನ ಮುಖ ನೋಡುತ್ತಿದ್ದರು.

ಮೊದಮೊದಲು ತಾಯಂದಿರು ನನ್ನನ್ನು ದೂರದಿಂದಲೇ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಸೀರೆ, ಕೈಗಡಿಯಾರ, ಕಂಕುಳಲ್ಲಿ ಕೊಡೆ. ಆ ಹುಡುಗಿಗೆ ಒಂದು ಸಣ್ಣ ತಮ್ಮನಿದ್ದ, ಜೋಳಿಗೆಯ ಕೂಸು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನ ಪಕ್ಕೆ ಹಾರುತ್ತಿತ್ತು, ಮೈ ಕೆಂಡ. ನಾನು ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ದವಾಖಾನೆಯ ಕಡೆ ಹೊರಟೆ. ಮಣ್ಣಿನ ಕೈಯಲ್ಲೇ ತಾಯಿ ಹಿಂದೆ ಓಡಿ ಬಂದಳು. ಡಾಕ್ಟರು ಕೇಳಿದ್ದಕ್ಕೆಲ್ಲ ಅವಳು ತೆಲುಗಿನಲ್ಲಿ ಏನೋ ಹೇಳುವಳು, ನಾನು ಅಂದಾಜಿನಲ್ಲಿ ಕನ್ನಡ ಮಾಡುವೆ. ಹೇಗೋ ಕೂಸು ಉಳಿಯಿತು. ಅಂದಿನಿಂದ ಅವಳು ನನ್ನನ್ನು ಅಕ್ಕ ಅಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳೇ ಇದ್ದಾಳು.

ಅಂದಿನಿಂದ ನನಗೂ ತೆಲುಗು ಬರುತ್ತದೆ ಎಂಬ ಭ್ರಮೆ ಶುರುವಾಯಿತು. ನೀಳ್ಳು ಎಂದರೆ ನೀರು. ರಾ ಎಂದರೆ ಬಾ. ಪಿಲ್ಲ ಎಂದರೆ ಮಗು. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅವರೂ ನಮ್ಮ ಕನ್ನಡ ಆಡುತ್ತಿದ್ದರು, ಬಾಲ ಕತ್ತರಿಸಿ. ನಾ ಬರ್ತೀನಿ ಅನ್ನುವುದಕ್ಕೆ "ನಾ ಬರ್ತ". ತರ್ತೀನಿ ಅನ್ನುವುದಕ್ಕೆ "ನಾ ತರ್ತ". ನನಗೆ ಕೇಳಲು ಬಹಳ ಸ್ವೀಟ್ ಅನಿಸುತ್ತಿತ್ತು.

ಹುಡುಗಿ ಜಾಣೆ. ಸಂಕ್ರಾಂತಿಯ ಹೊತ್ತಿಗೆ ಅ ದಿಂದ ಅಃ ವರೆಗೆ ಬರೆದಳು. ಮಳ್ಳಿಯಂತೆ ನನ್ನ ಸೆರಗಿನ ಚುಂಗು ಹಿಡಿದುಕೊಂಡು, "ಅಕ್ಕೋರ, ನಾ ಸಾಲಿ ಪೋತ," ಅನ್ನುತ್ತಿದ್ದಳು. ಸಾಲಿಗೆ ಹೋಗ್ತೀನಿ. ಸರಿ, ಒಂದು ದಿನ ಹತ್ತಿರದ ಶಾಲೆಗೆ ಕರೆದುಕೊಂಡು ಹೋದೆ. ಹೆಡ್‌ಮಾಸ್ತರರು ಒಳ್ಳೆಯವರು, ಚಹಾ ತರಿಸಿದರು. ಆಗ ಭಟ್ಟಿಯ ಮಕ್ಕಳ ಹತ್ತಿರ ಜನ್ಮದಾಖಲೆ ಎಲ್ಲಿಯದು? ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಒಂದನೇ ತರಗತಿಗೆ ಸೇರಿಸಬಹುದು, ಅಷ್ಟೇ ಲೆಕ್ಕ. ಹುಡುಗಿ ಕುತ್ತಿಗೆ ಓರೆ ಮಾಡಿ, ತುಟಿ ಕಚ್ಚಿ, ಕೈ ಚಾಚಿದಳು. ಬೆರಳ ತುದಿಗೂ ಕಿವಿಗೂ ನಡುವೆ ಎರಡು ಬೆರಳು ಜಾಗ ಉಳಿಯಿತು.

"ಜೂನಿನ್ಯಾಗ ಕರಕೊಂಡ ಬರ್ರಿ ಬಾಯಾರ," ಅಂದರು ಮಾಸ್ತರರು. "ಅಷ್ಟರಾಗ ಕೈ ಮುಟ್ಟತೈತಿ."

"ಜೂನಿನ್ಯಾಗ ಅವರು ಇರಂಗಿಲ್ಲಲ್ರೀ ಸರ್."

"ಹಂಗಾರ ಮಳೀಗೆ ಹೇಳ್ರಿ, ಈ ವರ್ಷ ಸ್ವಲ್ಪ ತಡಾ ಮಾಡಿ ಬಾ ಅಂತ." ನಕ್ಕರು. ಆಮೇಲೆ ನಗು ನಿಲ್ಲಿಸಿ, "ಖರೇ ಹೇಳ್ತೀನ್ರಿ, ಪ್ರತಿ ವರ್ಷ ಹಿಂಗss ಬರ್ತಾವ, ಹಿಂಗss ಹೋಗ್ತಾವ," ಅಂದರು.

ಮರುದಿನದಿಂದ ಪ್ರಾಕ್ಟೀಸ್. ಪ್ರಾರ್ಥನೆ ಮುಗಿದ ಕೂಡಲೇ ಅವಳು ನನ್ನೆದುರು ನಿಂತು ನೆತ್ತಿಯ ಮೇಲಿಂದ ಕೈ ಬಳಸುವಳು. ನಾನು ಜಾಗ ಅಳೆಯುವೆ. ಎರಡು ಬೆರಳು. ಒಂದೂವರೆ. ಉಳಿದ ಮಕ್ಕಳೂ ಸಾಲಾಗಿ ನಿಂತು ಕಿವಿ ಹುಡುಕುತ್ತಿದ್ದವು.

ಅದೇ ದಿನಗಳಲ್ಲಿ ನನ್ನ ತಲೆಯೊಳಗೊಂದು ವಿಚಾರ ಹುಟ್ಟಿತು. ಮಳೆಗಾಲದ ನಾಲ್ಕು ತಿಂಗಳು ಈ ಹುಡುಗಿ ನನ್ನ ಹತ್ತಿರ ಬೆಳಗಾವಿಯಲ್ಲೇ ಇದ್ದರೆ? ನಾನು ಕಲಿತ ಕಾನ್ವೆಂಟಿನವರದೇ ಕನ್ನಡ ಮೀಡಿಯಂ ಶಾಲೆ ಇತ್ತು. ದಸರೆಗೆ ತಾಯಿ ಬಂದೇ ಬರುತ್ತಾಳೆ. ಎಷ್ಟು ಸಿಂಪಲ್. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಒಂದೇ ಮಾತು ಕೇಳಿದರು, "ತಾಯಿಗೆ ಒಪ್ಪಿಗೆ ಇದೆಯೇ, ಚೈಲ್ಡ್?" ಅವರಿಗೆ ನಾನು ಇನ್ನೂ ಚೈಲ್ಡ್.

ಏಪ್ರಿಲ್‌ನ ಒಂದು ಮಧ್ಯಾಹ್ನ ತಾಯಿಯನ್ನು ಕೇಳಿದೆ. ಊಟದ ಬಿಡುವು, ಅವಳು ಶೆಡ್ಡಿನ ನೆರಳಿಗೆ ಬಂದು ಕೂಸಿಗೆ ಹಾಲೂಡುತ್ತಿದ್ದಳು, ಹುಡುಗಿ ಅವಳ ಬೆನ್ನಿಗೆ ಆತುಕೊಂಡಿದ್ದಳು. ನಾನು ನಿಧಾನವಾಗಿ, ಕೈಸನ್ನೆ ಕೂಡಿಸಿ ಹೇಳಿದೆ: "ಈಕಿ ಭಾಳ ಶಾಣ್ಯಾಕಿ. ಸಾಲಿಗೆ ಹಾಕೂಣು. ಮಳಿಗಾಲದಾಗ ನನ್ನ ಕಡೆ ಬಿಡ್ತೀಯೇನು?"

ಅವಳ ಕಣ್ಣು ತುಂಬಿತು. ಕೈ ಹಿಂದೆ ಹಾಕಿ ಹುಡುಗಿಯ ತಲೆಯನ್ನು ಹಿಡಿದು, "ನಾ ಬಿಡ್ಡ, ಅಕ್ಕಾ," ಅಂದಳು. "ನಾ ಬಿಡ್ಡ."

ನಾ ಬರ್ತ. ನಾ ತರ್ತ. ನಾ ಬಿಡ್ತ. ನನ್ನ ಕಿವಿಗೆ ಬಿದ್ದದ್ದು ಅದು. ಬಿಡುತ್ತೇನೆ ಅಕ್ಕಾ, ಬಿಡುತ್ತೇನೆ. ಪಾಪ, ಮಗಳ ಭವಿಷ್ಯಕ್ಕಾಗಿ ಅಳುತ್ತಲೇ ಒಪ್ಪಿಕೊಂಡಳು ಎಂದುಕೊಂಡೆ. ನನ್ನ ಕಣ್ಣೂ ತುಂಬಿತು. ಇಬ್ಬರೂ ಅಲ್ಲಿ ಕೂತು ಅತ್ತೆವು, ಬೇರೆ ಬೇರೆ ಕಾರಣಕ್ಕೆ.

ಆ ಮೇ ತಿಂಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂಬುದನ್ನು ಈಗ ಹೇಳಿಕೊಳ್ಳಲು ನಾಚಿಕೆ. ನೀಲಿ ಪಿನಾಫೋರ್, ಬಿಳಿ ಬ್ಲೌಸು ಹೊಲಿಸಿದೆ. ಬೆಳೆಯುವ ಮೈಯೆಂದು ಒಳಗೆ ಎರಡು ಇಂಚು ಮಡಿಸಿಟ್ಟೆ. ರಿಬ್ಬನ್ ತಂದೆ. ನನ್ನ ಕೋಣೆಯಲ್ಲಿ ಗೋಡೆಗೆ ಹೊಂದಿಸಿ ಸಣ್ಣ ಮಂಚ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿ, "ಮದುವಿ ಮಾಡಿಕೋ ಅಂದ್ರ ಮಾರಿ ತಿರುವತಿ, ಮಗಳನ್ನ ಮಾತ್ರ ಮೊದಲ ತಯಾರ ಮಾಡಿದಿ," ಅಂದಳು. ಬೈಗುಳವೇ. ಆದರೆ ಮರುದಿನ ತಾನೇ ಆ ಮಂಚಕ್ಕೆ ಒಂದು ಸಣ್ಣ ಕೌದಿ ತಂದು ಹಾಸಿದಳು.

ತಾಯಿಯನ್ನು ಮತ್ತೆ ಅಳಿಸುವುದೇಕೆ ಎಂದು ಅವಳೆದುರು ಮತ್ತೆ ಆ ಮಾತೆತ್ತಲಿಲ್ಲ. ಹುಡುಗಿಗೆ ಮಾತ್ರ ನಾನೇ ಎಲ್ಲ ಹೇಳಿದ್ದೆ. ಬೆಂಚು ಇರುತ್ತದೆ, ಗಂಟೆ ಬಾರಿಸುತ್ತಾರೆ, ಅಂಗಳದಲ್ಲಿ ಜೋಕಾಲಿ ಇದೆ. ಅವಳು ಎಲ್ಲ ಕೇಳಿ, "ಅಲ್ಲಿ ಅಮ್ಮನ ಸಪ್ಪಳ ಕೇಳ್ತದಾ ಅಕ್ಕೋರ?" ಅಂದಳು.

"ಇಲ್ಲವಾ. ಅಲ್ಲಿ ಪೂರಾ ಶಾಂತ ಇರತೈತಿ," ಅಂದೆ ನಾನು. ಅದೊಂದು ಅನುಕೂಲ ಎಂಬಂತೆ ಅಂದೆ.

ಅವಳು ಹುಣಸೆಬೀಜ ಎಣಿಸುವುದಕ್ಕೆ ತಿರುಗಿದಳು. ಅವಳು ಕೇಳಿದ್ದೇನೆಂದು ನನಗೆ ಆಗ ಹೊಳೆಯಲಿಲ್ಲ.

ಮೇ ಕಡೆಗೆ ಒಂದು ಸಂಜೆ ಗುಡುಗಿ ನಾಲ್ಕು ಹನಿ ಬಿತ್ತು. ಮರುದಿನ ಬೆಳಿಗ್ಗೆ ಪಿನಾಫೋರನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಟೆ. ಸ್ಟೇಶನ್ನಿನಿಂದ ನಡೆಯುವಾಗ ಏನೋ ಕಡಿಮೆ ಅನಿಸುತ್ತಿತ್ತು. ಅರ್ಧ ದಾರಿಯ ಮೇಲೆ ಗೊತ್ತಾಯಿತು, ಧಪ್ ಇಲ್ಲ. ಭಟ್ಟಿಯ ಮುಂದೆ ಲಾರಿ ನಿಂತಿತ್ತು. ಗುಡಿಸಲುಗಳ ಇಟ್ಟಂಗಿ ಮತ್ತೆ ರಾಶಿ ಸೇರಿದ್ದವು. ಪಾತ್ರೆ, ಕೋಳಿ, ಕೌದಿಯ ಗಂಟು ಎಲ್ಲ ಲಾರಿಯ ಮೇಲೆ. ತಾಯಿ ಕೂಸನ್ನು ಕಟ್ಟಿಕೊಂಡು ನಿಂತಿದ್ದಳು. ಹುಡುಗಿಗೆ ಎಣ್ಣೆ ಹಚ್ಚಿ ತಲೆ ಬಾಚಿತ್ತು. ನನಗಾಗಿಯೇ ತಯಾರು ಮಾಡಿದ್ದಾಳೆ ಎಂದು ನಾನು ಹೋಗಿ ಕೈ ಹಿಡಿದೆ. "ಬಾ," ಅಂದೆ. ತಾಯಿ ನಕ್ಕಳು, ನಾನು ಬೀಳ್ಕೊಡಲು ಬಂದಿದ್ದೇನೆ ಎಂದುಕೊಂಡು. ನಾನು ಹುಡುಗಿಯನ್ನು ಕರೆದುಕೊಂಡು ನಾಲ್ಕು ಹೆಜ್ಜೆ ನಡೆದೆ. ಹಿಂದಿನಿಂದ ತಾಯಿಯ ಕೂಗು ಬಂತು.

ಮುಕಾದಮ್, ಅಂದರೆ ಅವರನ್ನು ಊರಿಂದ ಕರೆತಂದು ಕೆಲಸ ಮಾಡಿಸುವವನು, ಎರಡೂ ಭಾಷೆ ಬಲ್ಲವನು, ಓಡಿ ಬಂದ. "ಏನ್ರೀ ಅಕ್ಕೋರ, ಎಲ್ಲಿಗೆ ಹೊಂಟೀರಿ?"

"ಬೆಳಗಾವಿಗೆ. ಅವರವ್ವ ಒಪ್ಯಾಳಲ್ಲ. ಬಿಡ್ತೀನಿ ಅಂತ ಆಕಿನss ಹೇಳ್ಯಾಳ. ನಾ ಬಿಡ್ಡ, ನಾ ಬಿಡ್ಡ ಅಂತ ಎರಡ ಸರ್ತೆ."

ಅವನು ತಾಯಿಯ ಹತ್ತಿರ ತೆಲುಗಿನಲ್ಲಿ ಮಾತಾಡಿದ. ಆಮೇಲೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ನಗು ಬಂದಿತ್ತೇನೋ, ನನ್ನ ಮುಖ ನೋಡಿ ನಗಲಿಲ್ಲ.

"ಅದು ಬಿಡೂದಲ್ರೀ ಅಕ್ಕೋರ. ಬಿಡ್ಡ ಅಂದ್ರ ಮಗಳು. ನಾ ಬಿಡ್ಡ ಅಂದ್ರ ನನ್ನ ಮಗಳು. ನೀವು ಶಾಣ್ಯಾಕಿ ಅಂದ್ರಿ, ಸಾಲಿ ಅಂದ್ರಿ. ಆಕಿಗೆ ಎದಿ ತುಂಬಿ ಬಂತು, ನನ್ನ ಮಗಳು ಅಂದ್ಲು. ಅಷ್ಟss."

ನನ್ನ ನೋಟ್‌ಬುಕ್ಕಿನಲ್ಲಿ ಪಿಲ್ಲ ಇತ್ತು. ಬಿಡ್ಡ ಇರಲಿಲ್ಲ.

ಹುಡುಗಿಯ ಕೈ ಬಿಟ್ಟೆ. ಅವಳು ಓಡಲಿಲ್ಲ. ನಡುವೆ ನಿಂತು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ನೋಡಿದಳು. ಆಮೇಲೆ ತಾಯಿಯ ಸೀರೆಯೊಳಗೆ ಮುಖ ಹುದುಗಿಸಿದಳು. ನಾನು ಬ್ಯಾಗಿನಿಂದ ಪಿನಾಫೋರ್ ತೆಗೆದು ತೋರಿಸಿದೆ. ತಾಯಿ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಮುಟ್ಟಿ ನೋಡಿದಳು. ಒಳಗೆ ಮಡಿಸಿದ ಎರಡು ಇಂಚನ್ನೂ ಬೆರಳಾಡಿಸಿ ನೋಡಿದಳು. ಸಿಟ್ಟಾಗುತ್ತಾಳೆ ಎಂದು ಕಾದೆ. ಅವಳು ಎರಡೂ ಅಂಗೈಯನ್ನು ನನ್ನ ಮುಖದ ಮೇಲಿಂದ ಇಳಿಸಿ, ತನ್ನ ಕಣತಲೆಗೆ ಒತ್ತಿ ಲಟಿಕೆ ಮುರಿದಳು. "ನುವ್ವೇ ರಾ ಅಕ್ಕಾ. ಮಾ ಊರಿಕಿ ರಾ," ಎಂದು ಇನ್ನೂ ಏನೇನೋ ಹೇಳಿದಳು.

"ನೀವss ಅವರೂರಿಗೆ ಬರಬೇಕಂತ್ರಿ," ಅಂದ ಮುಕಾದಮ್. "ಅಲ್ಲೇ ಸಾಲಿ ತಗೀರಿ ಅಂತಾಳ. ಮಳಿಗಾಲ ಪೂರ್ತಿ ಹುಡುಗೂರು ಅಲ್ಲೇ ಇರ್ತಾವಂತ."

ನಾನು ಆಗ ನಕ್ಕುಬಿಟ್ಟೆ. ನಲವತ್ತು ವರ್ಷದ ಮೇಲಾಯಿತು, ಆ ನಗು ನನಗೆ ಇನ್ನೂ ಚುಚ್ಚುತ್ತದೆ. ಅವಳು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು? ಮಗುವನ್ನು ತಾಯಿಯಿಂದ ಬಿಡಿಸಿ ಶಾಲೆಯ ಹತ್ತಿರ ತರುವ ದಾರಿ ನನಗೆ ಎಷ್ಟು ಬೇಗ ಹೊಳೆದಿತ್ತು. ಶಾಲೆಯನ್ನು ಮಗುವಿನ ಹಿಂದೆ ಕಳಿಸುವ ದಾರಿ ಅವಳಿಗೆ ಹೊಳೆಯಿತು. ನಾನು ಹೋಗಲಿಲ್ಲ. ಅವ್ವ, ಮನೆ, ಆಮೇಲೆ ಟ್ರೈನಿಂಗು, ಊರೊಳಗೆ ಒಂದು ಶಾಲೆಯ ನೌಕರಿ. ಹೋಗಬಹುದಿತ್ತು ಎಂದು ಈಗ ಅನಿಸುತ್ತದೆ, ಮೊಣಕಾಲು ಕೈಕೊಟ್ಟ ಮೇಲೆ.

ದಸರೆಯ ನಂತರ ಲಾರಿ ಬಂತು. ಅವರು ಅದರಲ್ಲಿ ಇರಲಿಲ್ಲ. ಬೇರೆ ಕಡೆಯ ಭಟ್ಟಿಗೆ ಹೋದರಂತೆ ಎಂದು ಯಾರೋ ಅಂದರು. ಯಾವ ಕಡೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಇನ್ನೆರಡು ವರ್ಷ ಆ ಬಾಲವಾಡಿ ನಡೆಸಿದೆ. ಪ್ರತಿ ದಸರೆಗೆ ಸ್ಟೇಶನ್ನಿನಿಂದ ನಡೆಯುವಾಗ, ಆ ಸಪ್ಪಳಗಳೊಳಗೆ ಅವಳ ತಾಯಿಯದು ಯಾವುದು ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಗುರುತು ಹಿಡಿಯುವ ಕಿವಿ ನನ್ನದಲ್ಲ.

ಅಂದು ಲಾರಿ ಹೊರಟಾಗ ಹುಡುಗಿ ಹಿಂಭಾಗದಲ್ಲಿ ಗಂಟುಗಳ ಮೇಲೆ ನಿಂತಿದ್ದಳು. ಹಳೆಯ ಲಂಗದ ಮೇಲೆಯೇ ಪಿನಾಫೋರ್ ತೊಟ್ಟಿದ್ದಳು. ತಾಯಿ ಹಿಂದಿನಿಂದ ಅದರ ಬೆಲ್ಟು ಹಿಡಿದಿದ್ದಳು, ಬೀಳದಂತೆ. ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ. ಕುತ್ತಿಗೆ ಓರೆ ಮಾಡಿ, ತುಟಿ ಕಚ್ಚಿ, ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿದಳು. ಲಾರಿ ರಸ್ತೆಯ ತಿರುವಿಗೆ ಮುಟ್ಟುವವರೆಗೂ ಹಾಗೇ ನಿಂತಿದ್ದಳು, ನನಗೆ ಕಾಣಲಿ ಎಂದು, ಎಡಗಿವಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು.